ದೊಡ್ಡವ್ವನ ಬಾಟಲಿಯ ಬಾಯಿ

…ಇಲ್ಲ, ಬಾಟಲಿಯ ಬಾಯಿಗೆ ಮೊದಲು ಬೂಚು, ಆಮೇಲೆ ಅರಗು. ಅಥವಾ ಅರಗೇ ಮೊದಲೋ? ಎಪ್ಪತ್ತರ ದಶಕದ ಒಂದು ಬೇಸಿಗೆ ಅನ್ನುವುದಷ್ಟೇ ಖಾತ್ರಿ. ಉಳಿದದ್ದನ್ನು ನನ್ನ ನೆನಪು ತನಗೆ ಬೇಕಾದಂತೆ ಜೋಡಿಸಿಕೊಂಡಿರಬಹುದು, ಪೂರ್ತಿ ನಂಬಬೇಡಿ. ಇದೊಂದನ್ನು ನಂಬಿ: ಇಂಡಿಯಲ್ಲಿ ಎಲ್ಲರೂ ಲಿಂಬೆ ಬೆಳೆದು ಮಾರುತ್ತಿದ್ದರೆ, ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಅದಕ್ಕೆ ಜೀವ ಬರಿಸುತ್ತಿದ್ದಳು!

ಲಿಂಬೆರಸ, ಸಕ್ಕರೆ, ನೀರು, ಒಂದು ಹಿಡಿ ಒಣದ್ರಾಕ್ಷಿ. ಎರಡು ದಿನ ಗಡಿಗೆಯಲ್ಲಿಟ್ಟರೆ ಅದು ಗುಳುಗುಳು ಮಾತಾಡಲು ಶುರುಮಾಡುತ್ತಿತ್ತು. ಬಾಟಲಿಗೆ ತುಂಬಿ ಬಾಯಿ ಬಿಗಿದರೆ ಒಳಗೆ ಗ್ಯಾಸು ಕೂಡಿ, ಅಂಗಡಿಯ ಸೋಡಾ ನಾಚಬೇಕು! ಆದರೆ ಬಿಗಿಯುವುದು ಯಾವುದರಿಂದ?

ಆ ವರ್ಷ ಇದು ಬರೀ ಹವ್ಯಾಸದ ಪ್ರಶ್ನೆಯಾಗಿರಲಿಲ್ಲ. ಮುದ್ದೇಬಿಹಾಳದಲ್ಲಿ ಅವ್ವ ಕಾಮಾಲೆಯಾಗಿ ಮಲಗಿದ್ದಳು. ಗಂಜಿ ಬೇಡ, ಮಜ್ಜಿಗೆ ಬೇಡ. "ಅಕ್ಕನ ಚುರ್ ಅನ್ನೂ ನೀರಿದ್ರ ಒಂದ್ ಗುಟುಕ ಕುಡೀತಿದ್ನಿ" ಅಂದಳು. ಇಪ್ಪತ್ತರ ಹುಡುಗಿ ನಾನು ಇಂಡಿಗೆ ಹೋಗಿ ನಿಂತೆ. ಸಿಂದಗಿ, ತಾಳಿಕೋಟೆ ದಾಟಿ, ಆ ರಸ್ತೆಯಲ್ಲಿ, ಆ ಬಸ್ಸಿನಲ್ಲಿ, ಒಂದು 'ಚುರ್' ಅನ್ನು ಜೀವಂತ ಒಯ್ಯಬೇಕು!

ಮೊದಲು ಔಷಧದ ಅಂಗಡಿಯ ಬೂಚು. ಸಿಂದಗಿ ಸ್ಟ್ಯಾಂಡಿಗೆ ಬಸ್ಸು ತಿರುಗುವಾಗ 'ಢಬ್!' ಬೂಚು ಹಾರಿ ಮುಂದಿನ ಸೀಟಿನ ಹಿರಿಯರ ತಲೆಗೆ ಸುತ್ತಿದ್ದ ಪಟಕಾ ಕೆಡವಿತು.

"ತಂಗೀ, ಚೀಲದಾಗ ಪಿಸ್ತೂಲ ಐತೇನವಾ?" ಅಂದ ಕಂಡಕ್ಟರ್.

"ಲಿಂಬಿ ಸರಬತ್ರಿ."

"ಲಿಂಬಿಹಣ್ಣ ಗುಂಡ ಹಾರಸ್ತೈತಿ ಅಂತ ಇವತ್ತ ಗೊತ್ತಾತ ನೋಡವಾ!"

ಒದ್ದೆ ಚೀಲ ಹೊತ್ತು ವಾಪಸು ಬಂದೆ. ದೊಡ್ಡವ್ವ ಬೇಸರಪಟ್ಟಳೆ? ಬೂಚು ಎಷ್ಟು ದೂರ ಹಾರಿತು ಎಂದು ಕೇಳಿ ಸಂತೋಷಪಟ್ಟಳು!

ಆಮೇಲೆ ಅರಗು. "ಪೋಸ್ಟಿನವ್ರು ಪಾರ್ಸಲ್ಲಿಗೆ ಹಾಕ್ತಾರ, ದಿಲ್ಲಿತನಕ ಬಿಡೂದಿಲ್ಲ" ಎಂದು ಕರಗಿಸಿ ಸುರಿದಳು. ಅರಗು ಬಿಡಲಿಲ್ಲ, ನಿಜ. ಬೆಳಿಗ್ಗೆ ನೋಡಿದರೆ ಬಾಟಲಿಯೇ ಒಡೆದು ಅಡುಗೆಮನೆ ತುಂಬ ಗಾಜು. ಮುರಿದ ಕುತ್ತಿಗೆಯನ್ನು ಎತ್ತಿ ಹಿಡಿದು ಹೆಮ್ಮೆಯಿಂದ ಅಂದಳು: "ಅರಗು ನೋಡವಾ, ಹೆಂಗ ಕುಂತೈತಿ!"

ಗೋಲಿ ಸೋಡಾದ ಬಾಟಲಿ ಯಾಕಾಗಬಾರದು ಅನ್ನುತ್ತೀರಾ? ತಂದಿದ್ದಳು. ಗೋಲಿ ಮೇಲೇರಿ ಕೂರಲೇ ಇಲ್ಲ. ಒಣದ್ರಾಕ್ಷಿ ಅಡ್ಡ ಬಂತಂತೆ!

ಮೂರು ದಿನ ಕಳೆದಿತ್ತು. ಅವ್ವ ಏನೂ ತಿನ್ನುತ್ತಿಲ್ಲ ಎಂದು ಊರಿನಿಂದ ಬಂದವರೊಬ್ಬರು ಹೇಳಿ ಹೋದರು. ದೊಡ್ಡವ್ವ ಆ ದಿನ ನಗಲಿಲ್ಲ. ಸಂಜೆ ಗೋಡೆಯ ಗೂಡಿನಿಂದ ಶಿವದಾರ ತೆಗೆದಳು. ಕೊರಳಿನ ಲಿಂಗದ ಕರಡಿಗೆಗೆ ಸುತ್ತುವ ದಾರ, ತಾನೇ ಹೊಸೆದದ್ದು. ಬೂಚು ಹಾಕಿ, ಕರಡಿಗೆಗೆ ಹಾಕುವ ಗಂಟನ್ನೇ ಬಾಟಲಿಯ ಕೊರಳಿಗೆ ಹಾಕಿದಳು. "ದಾರ ಒಂಚೂರು ಜಗ್ಗತೈತಿ. ಹೆಚ್ಚಾದ ಗಾಳಿ ತಾನ ಹೊರಗ ಹೋಗ್ತೈತಿ. ಅರಗಿಗೆ ಅಷ್ಟ ಬುದ್ಧಿ ಎಲ್ಲೈತಿ?"

ಯಾವ ಕಾಲೇಜಿನಲ್ಲಿ ಕಲಿತಿದ್ದಳು ಇದನ್ನು!

ದೊಡ್ಡಪ್ಪ ಬಾಗಿಲಲ್ಲಿ ನಿಂತು ನೋಡಿದರು. "ಬಾಟ್ಲಿಗೂ ದೀಕ್ಷಾ ಕೊಟ್ಟಿ ಏನ? ಇನ್ನ ದಿನಾ ಪೂಜಾನೂ ಮಾಡು!"

"ಮಾಡ್ತೇನ್ರಿ. ನಿಮಗಿಂತ ಛಂದ ಬಾಯಿ ಮುಚಿಗೊಂಡು ಕುಂದರ್ತೈತಿ!"

ಬಾಟಲಿ ಸಿಂದಗಿ ದಾಟಿತು. ತಾಳಿಕೋಟೆ ದಾಟಿತು. ಮುದ್ದೇಬಿಹಾಳದ ಮನೆಯಲ್ಲಿ ಹೊಸ ತೊಂದರೆ: ಗಂಟು ಬಿಚ್ಚಲು ನನಗೆ ಬರಲಿಲ್ಲ. ಅಪ್ಪನಿಗೂ ಬರಲಿಲ್ಲ. ಅವರು ಕತ್ತರಿ ತಂದರು.

"ಶಿವದಾರಕ್ಕ ಕತ್ತರಿ ಹಾಕ್ತೀರೇನ್ರಿ?" ಹಾಸಿಗೆಯಿಂದ ಅವ್ವ ಕೂಗಿದಳು. "ತರ್ರಿ ಇಲ್ಲೆ!"

ಎಷ್ಟೋ ದಿನದಿಂದ ತಲೆ ಎತ್ತದವಳು ಗೋಡೆಗೆ ಆನಿಕೊಂಡು ಎದ್ದು ಕೂತಳು. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, ಹಳದಿಗಟ್ಟಿದ ಉಗುರುಗಳಿಂದ ಎಳೆ ಎಳೆಯಾಗಿ ಸಡಿಲಿಸತೊಡಗಿದಳು. ಆ ಗಂಟನ್ನು ಅಕ್ಕತಂಗಿ ಇಬ್ಬರಿಗೂ ಅಜ್ಜಿ ಕಲಿಸಿದ್ದಳಂತೆ.

ನಾನು ಲೋಟ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅವ್ವ ಬಾಟಲಿಯಿಂದಲೇ ಕುಡಿಯುತ್ತಿದ್ದಳು. ಕಣ್ಣಲ್ಲಿ ನೀರು.

"ಅಕ್ಕಗ ಹೇಳು, ಮೂಗಿಗೆಲ್ಲಾ ಚುರ್ ಅಂತು ಅಂತ."

ಇಂಡಿಗೆ ಹೋಗಿ ಹೇಳಿದೆ. ದೊಡ್ಡವ್ವ ಮತ್ತೆ ಮತ್ತೆ ಹೇಳಿಸಿದಳು. "ಖರೇನ?"

"ಖರೇನ, ದೊಡ್ಡವ್ವಾ."

ಆದರೆ ಲೋಟ ತರಲು ಒಳಗೆ ಹೋಗಿದ್ದ ನನಗೆ ಬೂಚು ತೆಗೆದ 'ಢಬ್' ಕೇಳಿಸಿರಲಿಲ್ಲ. ಆ ಬಾಟಲಿಯಲ್ಲಿ ಗ್ಯಾಸು ಉಳಿದಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.