ಬಿ ವಿಂಗಿನ ಐದು ಸಾವಿರ ಕೋಟಿ ನಿವಾಸಿಗಳು

ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದ ಸ್ನೇಹಸಾಗರ ಸಹಕಾರಿ ಗೃಹನಿರ್ಮಾಣ ಸೊಸೈಟಿಯ ನಿವಾಸಿಗಳ ಸಂಖ್ಯೆ ೨೦೦೯ರ ಆಗಸ್ಟ್ ಹನ್ನೊಂದರಂದು ನೂರ ಎಂಬತ್ತೇಳು ಇತ್ತು. ಮರುದಿನ ಸಂಜೆ ಆರು ಗಂಟೆಗೆ ಅದು ಐದು ಸಾವಿರ ಕೋಟಿಯ ನೂರ ಎಂಬತ್ತೇಳು ಆಯಿತು. ಸೊಸೈಟಿಯ ನೋಂದಣಿ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿ ಇದು ನೀಲಿ ಶಾಯಿಯಲ್ಲಿ ದಾಖಲಾಗಿದೆ. ಇಷ್ಟು ಮಂದಿ ಒಮ್ಮೆಗೇ ಬಂದು ಸೇರಿದರೂ ನೀರಿಗಾಗಲಿ ಪಾರ್ಕಿಂಗಿಗಾಗಲಿ ತೊಂದರೆಯಾಗಲಿಲ್ಲ. ಲಿಫ್ಟಿನ ಮೇಲೆ ಭಾರ ಬೀಳುವ ಪ್ರಶ್ನೆಯೂ ಬರಲಿಲ್ಲ, ಏಕೆಂದರೆ ಲಿಫ್ಟ್ ಇರಲಿಲ್ಲ.

ಇದಕ್ಕೆಲ್ಲ ಮೂಲ ಬಿ ವಿಂಗಿನ ನೆಲಮಹಡಿಯಲ್ಲಿರುವ ಹರಿಣಾಕ್ಷಿಯವರ ಬಸಳೆ. ಮೂವತ್ತು ವರ್ಷಗಳ ಹಿಂದೆ ಅವರು ಕಾಪುವಿನಿಂದ ಮದುವೆಯಾಗಿ ಬರುವಾಗ ಅಮ್ಮ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಗೇಣು ಬಳ್ಳಿ ಕೊಟ್ಟಿದ್ದರು. ಅದು ಮೊದಲು ದಿವಾ ಸ್ಟೇಷನಿನ ಬಳಿಯ ಚಾಳಿನಲ್ಲಿ ಎಣ್ಣೆಡಬ್ಬಿಯಲ್ಲಿ ಬೆಳೆಯಿತು, ಆಮೇಲೆ ಡೊಂಬಿವಲಿಗೆ ಬಂದು ಪಂಪ್‌ರೂಮಿನ ಹಿಂದಿನ ಮಣ್ಣಿನಲ್ಲಿ ಚಪ್ಪರ ಹತ್ತಿತು. ಈಗ ಅಮ್ಮ ಇಲ್ಲ. ಅವರದೊಂದು ಸರಿಯಾದ ಫೋಟೋ ಕೂಡ ಮನೆಯಲ್ಲಿಲ್ಲ. ಬಳ್ಳಿಗೆ ನೀರು ಹಾಕುವಾಗ ಹರಿಣಾಕ್ಷಿಯವರು ಅಮ್ಮನ ಹತ್ತಿರ ತುಳುವಿನಲ್ಲಿ ನಾಲ್ಕು ಮಾತಾಡುತ್ತಿದ್ದರು, ಅಷ್ಟೇ ಉಳಿದದ್ದು.

ಆ ಮಳೆಗಾಲದಲ್ಲಿ ಬಸಳೆಯ ಎಲೆಗಳಿಗೆ ಕೆಂಪಂಚಿನ ಚುಕ್ಕೆ ಬಿತ್ತು. ಚುಕ್ಕೆ ತೂತಾಯಿತು, ಒಂದು ಎಲೆಯಿಂದ ಇನ್ನೊಂದಕ್ಕೆ ಹರಡಿತು. ಐದು ಬಳ್ಳಿಗಳಲ್ಲಿ ಮೂರು ಜುಲೈಯಲ್ಲೇ ಹೋದವು. ಹರಿಣಾಕ್ಷಿಯವರಿಗೆ ಊಟ ಸೇರದಾಯಿತು.

ಕಲ್ಯಾಣದಲ್ಲಿ ಗಿಡಗಳ ನರ್ಸರಿ ಇಟ್ಟಿದ್ದ ಊರಿನವನೇ ಆದ ಅಂಗಾರ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಫಂಗಸ್ ಅಕ್ಕ" ಎಂದು ಅರ್ಧ ಕಿಲೋದ ಒಂದು ಬಿಳಿ ಪುಡಿಯ ಪ್ಯಾಕೆಟ್ ಕೊಟ್ಟ. "ಸುಡೋಮೋನಾಸ್ ಅಂತ ಹೆಸರು. ವಿಷ ಅಲ್ಲ, ಜೀವ ಇರುವಂಥದ್ದು, ಒಳ್ಳೆಯ ಬ್ಯಾಕ್ಟೀರಿಯಾ. ಚುಕ್ಕೆ ಬಿದ್ದ ಎಲೆ ಕಿತ್ತು ಬಿಸಾಡಿ. ಲೀಟರ್ ನೀರಿಗೆ ಹತ್ತು ಗ್ರಾಂ ಕಲಸಿ ಎಲೆಗೆ ಹೊಡೆಯಿರಿ, ಬುಡಕ್ಕೂ ಹಾಕಿ. ಅದು ಅಲ್ಲೇ ಸಂಸಾರ ಹೂಡ್ತದೆ, ಫಂಗಸ್ಸಿಗೆ ಕಾಲಿಡ್ಲಿಕ್ಕೆ ಜಾಗ ಕೊಡುದಿಲ್ಲ. ಆದರೆ ಸಪ್ಟೆಂಬರ್ ಮೂವತ್ತರ ಒಳಗೆ ಹಾಕಬೇಕು. ಆ ತಾರೀಕು ದಾಟಿದ ಮೇಲೆ ಇದರಲ್ಲಿ ಜೀವ ಇರುವ ಗ್ಯಾರಂಟಿ ಇಲ್ಲ."

ಇಲ್ಲಿ ಹರಿಣಾಕ್ಷಿಯವರು ಒಂದು ತಪ್ಪು ಮಾಡಿದರು. ಅನುಮತಿ ಕೇಳಿದರು.

ಕೇಳುವುದೇ ಬೇಡ, ಸುಮ್ಮನೆ ಹಾಕಿಬಿಡು ಎಂದು ಮಗಳು ದಿಶಾ ಮೊದಲೇ ಹೇಳಿದ್ದಳು. "ಮಮ್ಮಿ, ಪೂಛನಾ ಕ್ಯೂಂ ಹೈ? ಡಾಲ್ ದೋ ನಾ." ಆದರೆ ಹರಿಣಾಕ್ಷಿಯವರದು ಕಿಟಕಿಗೆ ಪರದೆ ಬದಲಿಸುವುದಕ್ಕೂ ಅರ್ಜಿ ಬರೆಯುವ ಸ್ವಭಾವ. ಅರ್ಜಿಯಲ್ಲಿ ಅವರು ಪ್ರಾಮಾಣಿಕವಾಗಿ ಹೀಗೆ ಬರೆದರು: "ಇವು ಜೀವಂತ ಇದ್ದು, ಸೊಸೈಟಿಯ ಮಣ್ಣಿನಲ್ಲಿ ಖಾಯಂ ವಾಸ ಮಾಡುವವು."

ಸೊಸೈಟಿಯ ಸೆಕ್ರೆಟರಿ ರಮಾಕಾಂತರು ಉಡುಪಿ ಕಡೆಯವರು. ಮುಂಬಯಿಯ ಒಂದು ಕಚೇರಿಯಲ್ಲಿ ಬಂದ ಕಾಗದಗಳಿಗೆ ಮೊಹರು ಒತ್ತುವ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. 'ಖಾಯಂ ವಾಸ' ಎಂಬಲ್ಲಿ ಅವರ ಬೆರಳು ನಿಂತಿತು.

"ಹದಿನೈದು ದಿನಕ್ಕಿಂತ ಹೆಚ್ಚು ಉಳಿಯುವವರು ಯಾರೇ ಆಗಲಿ ನಿವಾಸಿ ಅಂತ ನೋಂದಣಿ ಆಗ್ಬೇಕು ಹರಿಣಾಕ್ಷಿಯವರೇ. ನಿಯಮ ಮೂವತ್ತನಾಲ್ಕು, ಕ. ತಲಾ ಎರಡು ಫೋಟೋ, ಪೊಲೀಸ್ ಸ್ಟೇಷನಿನ ಫಾರ್ಮು. ಒಟ್ಟು ಎಷ್ಟು ಜನ?"

"ಅದರಲ್ಲೇ ಬರೆದಿದೆ, ನೋಡಿ."

ರಮಾಕಾಂತರು ಕನ್ನಡಕ ಏರಿಸಿ ಪ್ಯಾಕೆಟ್ ಓದಿದರು. ಗ್ರಾಮಿಗೆ ಹತ್ತು ಕೋಟಿ. ಹಳೆಯ ಕ್ಯಾಲೆಂಡರಿನ ಹಿಂದೆ ಗುಣಾಕಾರ ಮಾಡಿ, ಸೊನ್ನೆಗಳನ್ನು ಎರಡು ಸಲ ಎಣಿಸಿದರು. "ಐದು ಸಾವಿರ ಕೋಟಿ" ಎಂದರು. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಎ ವಿಂಗಿನ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಹದಿನಾಲ್ಕು ಜನ ಪೇಯಿಂಗ್ ಗೆಸ್ಟ್ ಇದ್ದುದನ್ನು ಹಿಡಿದವರು ಅವರೇ.

"ಹಾಗಾದರೆ ಆ ಫಂಗಸ್?" ಹರಿಣಾಕ್ಷಿ ಕೇಳಿದರು. "ಜೂನಿನಿಂದ ಅದು ನನ್ನ ಬಳ್ಳಿಯಲ್ಲಿ ಕೂತು ತಿನ್ನುತ್ತಾ ಇದೆ. ಅದಕ್ಕೆ ಫೋಟೋ ಬೇಡವಾ?"

"ಅದು ಅರ್ಜಿ ಕೊಟ್ಟಿದೆಯಾ?"

"ಇಲ್ಲ."

"ಮತ್ತೆ? ಅರ್ಜಿಯೇ ಕೊಡದವರಿಗೆ ನಾನು ಎಂತ ತಕರಾರು ಎತ್ತುದು ಮಾರಾಯ್ರೆ?"

ಹರಿಣಾಕ್ಷಿಯವರು ಪ್ಯಾಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದರು.

ಮರುದಿನ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು: "ಬಿ ವಿಂಗಿನಲ್ಲಿ ಐದು ಸಾವಿರ ಕೋಟಿ ಮಂದಿ ವಾಸಕ್ಕೆ ಬರಲಿದ್ದು, ಯಾರಿಗಾದರೂ ಆಕ್ಷೇಪವಿದ್ದಲ್ಲಿ ಏಳು ದಿನಗಳೊಳಗೆ ಲಿಖಿತವಾಗಿ ತಿಳಿಸತಕ್ಕದ್ದು." ಒಂದೇ ಒಂದು ಆಕ್ಷೇಪ ಬಂತು. ಮೂರನೆಯ ಮಹಡಿಯ ಕಲ್ಲವ್ವನವರು, ಬರುವವರು ಗ್ಯಾಲರಿಯಲ್ಲಿ ಚಪ್ಪಲಿ ಬಿಡಕೂಡದು ಎಂದು ಬರೆಸಿದ್ದರು. ಅದನ್ನು ಷರತ್ತಾಗಿ ಸೇರಿಸಿಕೊಳ್ಳಲಾಯಿತು.

ಫೋಟೋದ ತೊಡಕು ಸುಲಭವಾಗಿ ಬಿಡಿಸಿಕೊಂಡಿತು. ಸ್ಟೇಷನ್ ಪಕ್ಕದ ಸ್ಟುಡಿಯೋದಲ್ಲಿ ಪ್ಯಾಕೆಟ್ಟನ್ನು ಸ್ಟೂಲಿನ ಮೇಲೆ ಕೂರಿಸಿ ಗ್ರೂಪ್ ಫೋಟೋ ತೆಗೆಸಿದರು. ಹಿನ್ನೆಲೆಗೆ ಕಾಶ್ಮೀರದ ಸರೋವರ ಇತ್ತು. ವಯಸ್ಸಿನ ವಿಷಯ ಬಂದಾಗ, ತಯಾರಾದದ್ದು ಏಪ್ರಿಲ್ ತಿಂಗಳಲ್ಲಿ ಎಂದು ಪ್ಯಾಕೆಟ್ಟಿನಲ್ಲೇ ಇದ್ದುದರಿಂದ ಎಲ್ಲರೂ ನಾಲ್ಕು ತಿಂಗಳಿನವರು, ಅಂದರೆ ಅಪ್ರಾಪ್ತರು ಎಂದಾಯಿತು. ಅಪ್ರಾಪ್ತರಿಗೆ ಪೋಷಕರು ಬೇಕು. ಪೋಷಕರ ಜಾಗದಲ್ಲಿ ಹರಿಣಾಕ್ಷಿಯವರು ಸಹಿ ಹಾಕಿದರು. ಪೊಲೀಸ್ ಸ್ಟೇಷನಿನವರು ಫಾರ್ಮನ್ನು ಓದದೆ ತೆಗೆದುಕೊಂಡದ್ದು ಅವರ ಕಾರ್ಯದಕ್ಷತೆಗೆ ಸಾಕ್ಷಿ.

ಹೀಗೆ ಆಗಸ್ಟ್ ಹನ್ನೆರಡರಂದು ನೋಂದಣಿ ಮುಗಿಯಿತು. ಹರಿಣಾಕ್ಷಿಯವರು ಬಕೆಟ್ಟಿಗೆ ನೀರು ತುಂಬಿಸಿಕೊಂಡು ನಿಂತಿದ್ದಾಗ ರಮಾಕಾಂತರು ಬಂದು ತಡೆದರು.

"ವಾಸಕ್ಕೆ ಮಾತ್ರ ಅನುಮತಿ ಆದದ್ದು. ಅದೂ ನಿಮ್ಮ ಫ್ಲ್ಯಾಟಿನ ಒಳಗೆ. ಮಣ್ಣು ಎಲ್ಲರದ್ದು. ಮಣ್ಣಿಗೆ ಇಳಿಯಬೇಕಾದರೆ ಮಹಾಸಭೆ ಒಪ್ಪಬೇಕು."

ಐದು ಸಾವಿರ ಕೋಟಿ ನಿವಾಸಿಗಳು ಅಡಿಗೆಮನೆಯ ಮೇಲಿನ ಹಲಗೆಯಲ್ಲಿ, ಅವಲಕ್ಕಿ ಡಬ್ಬಿಯ ಪಕ್ಕದಲ್ಲಿ ಕೂತರು. ಹೊರಗೆ ನಾಲ್ಕನೆಯ ಬಳ್ಳಿಯೂ ಹೋಯಿತು. ಉಳಿದ ಒಂದರಲ್ಲಿ ಹನ್ನೊಂದು ಎಲೆಗಳಿದ್ದವು. ಹರಿಣಾಕ್ಷಿ ಅವುಗಳನ್ನು ದಿನವೂ ಬೆಳಿಗ್ಗೆ ಎಣಿಸುತ್ತಿದ್ದರು, ಚುಕ್ಕೆ ಬಿದ್ದದ್ದನ್ನು ಕೀಳುತ್ತಿದ್ದರು. ಸಪ್ಟೆಂಬರ್ ಇಪ್ಪತ್ತರ ಹೊತ್ತಿಗೆ ನಾಲ್ಕು ಎಲೆ ಉಳಿದವು. ಆ ದಿನ ಅವರು ಪಂಪ್‌ರೂಮಿನ ಹಿಂದೆ ಕೂತು ಅತ್ತರು.

ಮಹಾಸಭೆ ಸಪ್ಟೆಂಬರ್ ಇಪ್ಪತ್ತೇಳರ ಭಾನುವಾರಕ್ಕೆ ಗೊತ್ತಾಗಿತ್ತು. ಹರಿಣಾಕ್ಷಿಯವರ ವಿಷಯ ಒಂಬತ್ತನೆಯದು. ಸೊಸೈಟಿಯ ಇತಿಹಾಸದಲ್ಲಿ ಯಾವ ಸಭೆಯೂ ನಾಲ್ಕನೆಯ ವಿಷಯವನ್ನು ದಾಟಿರಲಿಲ್ಲ. ನಾಲ್ಕನೆಯದು ಯಾವಾಗಲೂ ಟೆರೇಸಿನ ಸೋರಿಕೆ. ಸೋರಿಕೆಯ ಜಗಳ ಊಟದ ಹೊತ್ತಿನ ತನಕ ನಡೆದು, ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ನೋಟಿಸ್ ಬೋರ್ಡಿನ ಎದುರು ನಿಂತು ಹರಿಣಾಕ್ಷಿ ನೋಟಿಸನ್ನು ಮತ್ತೆ ಮತ್ತೆ ಓದಿದರು. "ಸಭೆ ಬೆಳಿಗ್ಗೆ ಹತ್ತು ಗಂಟೆಗೆ. ನಿವಾಸಿಗಳಲ್ಲಿ ಮೂರರಲ್ಲಿ ಎರಡು ಪಾಲು ಹಾಜರಿದ್ದರೆ ಕೋರಂ. ಕೋರಂ ಆಗದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು; ಆಗ ಕೋರಂ ಬೇಕಿಲ್ಲ." ಈ ಕಡೆಯ ಎಲ್ಲ ಸೊಸೈಟಿಗಳ ನೋಟಿಸಿನಲ್ಲೂ ಇರುವ ಸಾಲು ಇದು. ಆದ್ದರಿಂದಲೇ ಹತ್ತು ಗಂಟೆಗೆ ಯಾರೂ ಬರುವುದಿಲ್ಲ, ಎಲ್ಲರೂ ಹತ್ತೂವರೆಗೆ ಬರುತ್ತಾರೆ. ಹತ್ತರಿಂದ ಹತ್ತೂವರೆಯ ತನಕ ಅಧ್ಯಕ್ಷರು ಖಾಲಿ ಕುರ್ಚಿಗಳನ್ನು ನೋಡುತ್ತಾ ಕೂರುವುದು ಪದ್ಧತಿ. ಮೂರನೆಯ ಸಲ ಓದಿದಾಗ ಹರಿಣಾಕ್ಷಿಯವರಿಗೆ ಏನೋ ಹೊಳೆಯಿತು.

ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅವರು ಮೈಸೂರು ಸಿಲ್ಕ್ ಸೀರೆ ಉಟ್ಟು ಪ್ಯಾಕೆಟ್ ಸಮೇತ ಬಂದರು. ಅಂಗಳದಲ್ಲಿ ಅಧ್ಯಕ್ಷ ಸೋಮಣ್ಣ, ಸೆಕ್ರೆಟರಿ ರಮಾಕಾಂತ, ಐವತ್ತು ಬಾಡಿಗೆ ಕುರ್ಚಿ, ಉಪ್ಪಿಟ್ಟಿನ ಪಾತ್ರೆ ಇಷ್ಟೇ ಇದ್ದವು. ಹರಿಣಾಕ್ಷಿ ಮುಂದಿನ ಸಾಲಿನಲ್ಲಿ ಪ್ಯಾಕೆಟ್ಟಿಗೊಂದು ಕುರ್ಚಿ ಕೊಟ್ಟು ಪಕ್ಕದಲ್ಲಿ ತಾವು ಕೂತರು.

"ಹತ್ತು ಆಯ್ತು" ಎಂದರು. "ಕೋರಂ ಇದೆ. ಸುರು ಮಾಡಿ."

ರಮಾಕಾಂತರು ನೋಂದಣಿ ಪುಸ್ತಕ ತೆರೆದರು. ಒಟ್ಟು ನಿವಾಸಿಗಳು, ಹಾಜರಿರುವವರು, ಮೂರರಲ್ಲಿ ಎರಡು ಪಾಲು. ಕ್ಯಾಲೆಂಡರಿನ ಹಿಂದೆ ಮತ್ತೆ ಲೆಕ್ಕ ಹಾಕಿದರು. ಅವರು ಬರಹವನ್ನು ನಂಬಿ ಬದುಕಿದ ಮನುಷ್ಯ. "ಅಧ್ಯಕ್ಷರೇ, ಗೈರುಹಾಜರಿ ತೀರಾ ಕಡಿಮೆ ಉಂಟು" ಎಂದರು.

ಸೋಮಣ್ಣನವರು ವಿಜಾಪುರ ಕಡೆಯವರು, ಭಿವಂಡಿಯ ಬಟ್ಟೆ ವ್ಯಾಪಾರಿ. ಅವರು ಕೈಗಡಿಯಾರ ನೋಡಿದರು, ಪ್ಯಾಕೆಟ್ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಹನ್ನೊಂದು ವರ್ಷ ಆತ್ರಿ ಅಕ್ಕಾರ, ನಾ ಈ ಕುರ್ಚಿ ಮ್ಯಾಲ ಕುಂತು. ಒಂದ್ ಸರ್ತಿನೂ ಟೈಮಿಗೆ ಸಭಾ ಸುರು ಮಾಡಿಲ್ರಿ. ಸಭಾ ಅದ ಅಂತ ಬರೀತೀವಿ, ಬಂದು ನೋಡಿದ್ರ ಕುರ್ಚಿ ಅಷ್ಟ ಇರ್ತಾವ." ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇವತ್ತ ಯಾರರ ಬಂದಾರಲ್ಲ, ಅದ ಸಾಕು. ನಡೀರಿ ರಮಾಕಾಂತ್, ಓದ್ರಿ."

ಒಂಬತ್ತು ವಿಷಯಗಳು ಏಳು ನಿಮಿಷದಲ್ಲಿ ಮುಗಿದವು. ಟೆರೇಸಿನ ಸೋರಿಕೆಯ ಬಗ್ಗೆ ಯಾರೂ ಜಗಳ ತೆಗೆಯಲಿಲ್ಲ, ರಿಪೇರಿಗೆ ಒಪ್ಪಿಗೆ ಸಿಕ್ಕಿತು. ಒಂಬತ್ತನೆಯ ವಿಷಯದ ಪರವಾಗಿ ಹರಿಣಾಕ್ಷಿ ಮೊದಲು ತಮಗಾಗಿ, ಆಮೇಲೆ ಪೋಷಕರ ನೆಲೆಯಲ್ಲಿ, ಎರಡು ಸಲ ಕೈ ಎತ್ತಿದರು. ವಿರೋಧ ಯಾರದೂ ಇರಲಿಲ್ಲ. ಐದು ಸಾವಿರ ಕೋಟಿಯ ಒಂದು ಮತಗಳಿಂದ ನಿರ್ಣಯ ಅಂಗೀಕಾರವಾಯಿತು.

ಹತ್ತೂವರೆಗೆ ಬಂದ ಸದಸ್ಯರು ಸಭೆ ಮುಗಿದಿದೆ ಎಂದು ತಿಳಿದು ತಮ್ಮ ತಮ್ಮ ಗಡಿಯಾರ ನೋಡಿಕೊಂಡರು. ಆಮೇಲೆ ಉಪ್ಪಿಟ್ಟು ಬಿಸಿಯಿರುವುದನ್ನು ಕಂಡು ಸಾಲಿನಲ್ಲಿ ಬಂದರು. ಸಭೆ ನಡೆಯಬೇಕಾದದ್ದು ಹೀಗೆಯೇ ಎಂಬ ಬಗ್ಗೆ ಎರಡು ಅಭಿಪ್ರಾಯ ಇರಲಿಲ್ಲ.

ಸಂಜೆ ಹರಿಣಾಕ್ಷಿಯವರು ಪುಡಿ ಕಲಸಿ ನಾಲ್ಕು ಎಲೆಗಳಿಗೆ, ಬುಡಕ್ಕೆ, ಸುತ್ತಲಿನ ಮಣ್ಣಿಗೆ ಹಾಕಿದರು. ದಸರೆಯ ಮರುದಿನ ಮತ್ತೊಮ್ಮೆ ಹಾಕಿದರು, ಆ ದಿನ ತಾರೀಕು ಇಪ್ಪತ್ತೊಂಬತ್ತು. ಅಕ್ಟೋಬರ್ ನಡುವಿನಲ್ಲಿ ಒಂದು ಹೊಸ ಎಲೆ ಬಂತು. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದೂ ಚುಕ್ಕೆ ಇರಲಿಲ್ಲ. ಅಮ್ಮನ ಹತ್ತಿರ ಮಾತಾಡಿ ಒಳಗೆ ಬರುವಾಗ ಅವರ ಮುಖ ನೋಡಿ ದಿಶಾ ಚಹಾ ಇಟ್ಟಳು.

ಖಾಲಿ ಪ್ಯಾಕೆಟ್ಟಿಗೆ ಸೊಸೈಟಿ ಫೋಟೋದ ಹಾಗೆ ಗಾಜಿನ ಕಟ್ಟು ಹಾಕಿಸಿತು. ನಿವಾಸಿಗಳು ಮಣ್ಣಿಗೆ ಸ್ಥಳಾಂತರಗೊಂಡಿದ್ದರೂ, ಮರಣಪತ್ರ ಬಾರದೆ ಯಾರ ಹೆಸರನ್ನೂ ತೆಗೆಯುವಂತಿಲ್ಲ. ಆದ್ದರಿಂದ ವರ್ಷವೂ ಕಟ್ಟು ಮುಂದಿನ ಕುರ್ಚಿಯಲ್ಲಿ ಕೂರುತ್ತದೆ, ಸಭೆ ಹತ್ತಕ್ಕೆ ಸರಿಯಾಗಿ ಶುರುವಾಗುತ್ತದೆ. ಮರುವರ್ಷದ ಚುನಾವಣೆಯಲ್ಲಿ ಹರಿಣಾಕ್ಷಿಯವರು ಭಾರೀ ಬಹುಮತದಿಂದ ಸೆಕ್ರೆಟರಿಯಾದರು.

ಅವರು ಅಧಿಕಾರ ವಹಿಸಿಕೊಂಡ ಮೂರನೆಯ ದಿನ ರಮಾಕಾಂತರು ಒಂದು ಲೋಟ ಹುಳಿ ಮಜ್ಜಿಗೆ ಹಿಡಿದು ಬಂದರು. ಅವರ ಕರಿಬೇವಿನ ಗಿಡ ಬಾಡಿತ್ತು, ಬುಡಕ್ಕೆ ಮಜ್ಜಿಗೆ ಹೊಯ್ಯಲು ಅನುಮತಿ ಬೇಕಾಗಿತ್ತು. ಹರಿಣಾಕ್ಷಿ ಲೋಟದೊಳಗೆ ಬಗ್ಗಿ ನೋಡಿದರು.

"ಇದರಲ್ಲಿ ಜೀವ ಇರುವವು ಎಷ್ಟು ಉಂಟು?"

ರಮಾಕಾಂತರು ಬೇಸರ ಮಾಡಿಕೊಳ್ಳಲಿಲ್ಲ, ನಿಯಮ ತಿಳಿದವರು. ಲೋಟವನ್ನು ಮೇಜಿನ ಮೇಲಿಟ್ಟು ಜೇಬಿನಿಂದ ಮಜ್ಜಿಗೆಯ ಎರಡು ಫೋಟೋ ತೆಗೆದು ಕೊಟ್ಟರು. ಹಿನ್ನೆಲೆಯಲ್ಲಿ ಕಾಶ್ಮೀರದ ಸರೋವರ ಇತ್ತು.