ಬೇಬಿಯ ಬುಟ್ಟಿಗೆ ನಾನು ಕೈ ಹಾಕಿದ್ದು

ಸತ್ತವರ ಬಗ್ಗೆ ಬರೆಯುವುದು ಸುಲಭ, ಅವರು ತಿದ್ದಲು ಬರುವುದಿಲ್ಲ ಎಂದುಕೊಂಡಿದ್ದೆ. ಹೆಂಡತಿಯ ವಿಷಯದಲ್ಲಿ ಅದು ಸುಳ್ಳು. ಬೇಬಿ ತೀರಿಕೊಂಡು ಐದು ತಿಂಗಳಾಯಿತು. ಈಗಲೂ ಒಂದು ಸಾಲು ಬರೆದರೆ ಹಿಂದಿನಿಂದ 'ಹೌದಾ?' ಎಂದು ಕೇಳಿದ ಹಾಗಾಗುತ್ತದೆ.

ಮೊನ್ನೆ ಮರವಂತೆಯ ನಮ್ಮ ಮಹಿಳಾ ಸಂಘದ ಲಲಿತಕ್ಕ ಬಂದಿದ್ದರು. ಊರಿಗಾಗಿ ಹೋರಾಡಿದ ಹೆಂಗಸರ ಕತೆಗಳನ್ನು ಮಹಿಳಾ ದಿನಕ್ಕೆ ಶಾಲೆಯ ಗೋಡೆಗೆ ಅಂಟಿಸುತ್ತಾರಂತೆ. "ಬೇಬಿದ್ ಒಂದ್ ಪುಟ ನೀವೇ ಬರ್ದ್ ಕೊಡಿ. ಹೊಗಳುದ್ ಬ್ಯಾಡ, ನಡ್ದದ್ ಬರೀರಿ" ಎಂದರು. ಹೊಗಳುವುದಾದರೆ ನನ್ನ ಏಳನೇ ಕ್ಲಾಸಿನ ಓದು ಸಾಕಿತ್ತು. ನಡೆದದ್ದರಲ್ಲಿ ನಾನೂ ಇದ್ದೇನೆ, ಅದೇ ತೊಂದರೆ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲ ಕಡಲು ತೆಂಗಿನ ಸಾಲನ್ನು ನುಂಗಿ ನಮ್ಮ ಅಂಗಳಕ್ಕೆ ಬಂದಿತ್ತು. ತಡೆಗೋಡೆಗೆ ಕಲ್ಲು ಹಾಕಿಸಿ ಎಂದು ಗಂಡಸರು ಅರ್ಜಿ ಬರೆದೆವು. ಅಕ್ಷರ ನನ್ನದೇ, ಚೆನ್ನಾಗಿತ್ತು. ಕಲ್ಲು ಮಾತ್ರ ಬರಲಿಲ್ಲ. ಒಂದು ಬೆಳಿಗ್ಗೆ ಬೇಬಿ "ಮೀನಿಗ್ ಹೋಯಿ ಬತ್ತೆ" ಎಂದು ಹೊರಟಳು. ನಾನು ಕೆಲಸಕ್ಕೆಂದು ಕುಂದಾಪುರದ ಬಸ್ಸು ಹತ್ತಿದೆ. ಬಸ್ಸು ಒಂದು ಮೈಲಿಯೂ ಹೋಗಲಿಲ್ಲ. ಹೆದ್ದಾರಿಗೆ ಅಡ್ಡವಾಗಿ ಖಾಲಿ ಮೀನು ಬುಟ್ಟಿಗಳ ಸಾಲು, ಅದರ ಹಿಂದೆ ಕೂತ ಹೆಂಗಸರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಸುತ್ತಿ ಹೋಗಲು ದಾರಿಯಿಲ್ಲ. ದೋಣಿ ಬರುವ ಮೊದಲು ನಮ್ಮ ಹೆಂಗಸರು ದಡದಲ್ಲಿ ಬುಟ್ಟಿ ಇಟ್ಟು ಸರದಿ ಹಿಡಿಯುತ್ತಾರೆ. ಇಟ್ಟವಳಲ್ಲದೆ ಬೇರೆಯವರು ಅದನ್ನು ಸರಿಸುವಂತಿಲ್ಲ. ಇದನ್ನು ಬಲ್ಲ ಡ್ರೈವರ್ ಎಂಜಿನ್ ಆರಿಸಿ ಎಲೆಅಡಿಕೆ ಹಾಕಿಕೊಂಡ. ನಾನೂ ಬಲ್ಲೆ. ಆದರೂ "ಇವ್ರ ಮನಿಯಗೆ ಗಂಡಸ್ರ್ ಇಲ್ದಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಇಳಿದು ಹೋಗಿ ನಡುವಿನ ಬುಟ್ಟಿಗೆ ಕೈ ಹಾಕಿದೆ.

"ಹ್ವಾಯ್, ಅದ್ ನನ್ ಬುಟ್ಟಿ" ಎಂದಳು ಬೇಬಿ.

"ನೀ ಇಲ್ಲೆಂತಕ್?"

"ಕಡ್ಲ್ ಮನಿ ಬಾಗ್ಲಿಗ್ ಬಂದದ್ ಕಾಂತಿಲ್ಯಾ ನಿಮ್ಗೆ? ನಮ್ ಹಿಂದೆ ಕೂಕಣಿ, ಇಲ್ದಿರೆ ಬಸ್ಸಗೆ ಕೂಕಣಿ. ನಡು ರಸ್ತಿಯಗೆ ನಿಲ್ಬೇಡಿ."

ನಾನು ಬಸ್ಸಿನಲ್ಲಿ ಕೂತೆ. ಅವಳು ಮಳೆಯಲ್ಲಿ ಸಂಜೆಯವರೆಗೂ ಏಳಲಿಲ್ಲ. ದೊಡ್ಡ ಅಧಿಕಾರಿ ಬಂದು ಮಾತು ಕೊಟ್ಟ ಮೇಲೆ ತಾನೇ ಬುಟ್ಟಿ ಎತ್ತಿದಳು. ಅದೇ ವಾರ ಕಲ್ಲಿನ ಲಾರಿಗಳು ಬಂದವು, ಮನೆ ಉಳಿಯಿತು. ಆ ದಿನದ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಎತ್ತಿದ್ದರೆ ಒಂದು ಜಗಳದಲ್ಲಿ ಮುಗಿಸಬಹುದಿತ್ತು.

ಇಷ್ಟನ್ನು ಬರೆದು ಲಲಿತಕ್ಕನಿಗೆ ಕೊಟ್ಟು, ತಪ್ಪು ಒಪ್ಪಿಕೊಂಡದ್ದಕ್ಕೆ ಒಂದು ಒಳ್ಳೆಯ ಮಾತು ಬರಬಹುದೆಂದು ಕಾದೆ. ಅವರು ಓದಿ ಕನ್ನಡಕ ತೆಗೆದರು. "ಇದ್ರಗೆ ಬೇಬಿ ಎಲ್ಲಿದ್ಲ್ ಮಾರಾಯ್ರೆ? ಸಂಜಿ ತನ್ಕ ಕೂಕಂಡದ್ ಅವ್ಳ್, ಅದಕ್ ಒಂದ್ ಗೆರಿ. ನೀವ್ ಬಸ್ಸಿಂದ ಇಳ್ದ್ ಹತ್ತಿದಕ್ ಅರ್ಧ ಪುಟ."

ಹೊಸ ಹಾಳೆ ತೆಗೆದುಕೊಂಡಿದ್ದೇನೆ. ಅವಳು ಆ ದಿನ ಏನು ಉಂಡಳು, ಪಕ್ಕದವಳಿಗೆ ಏನು ಹೇಳಿ ನಗಿಸಿದಳು, ಅಧಿಕಾರಿ ಬಂದಾಗ ಎದ್ದು ನಿಂತಳೋ ಕೂತೇ ಮಾತಾಡಿದಳೋ, ಇವನ್ನೆಲ್ಲ ಬರೆಯಬೇಕು. ಬಸ್ಸಿನ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ನಾನು ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೂತಿದ್ದೆ.