ಭಾವನ ಪಟ್ಟಿ

ಕಳೆದ ಜೂನ್‌ನ ಎರಡನೇ ಸೋಮವಾರ ನಮ್ಮ ಭಾವ ಕೊಚ್ಚಿಯ ಒಂದು ಕಾಲೇಜಿನ ಮಕ್ಕಳನ್ನೆಲ್ಲ ನಾಯಿ ಹುಡುಕಲು ಹಚ್ಚಿದರು. ಅವರು ಕಲಿಸಲು ಹೊರಟಿದ್ದು ಸಂಖ್ಯಾಶಾಸ್ತ್ರ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ವಾಸ ಕೊಚ್ಚಿಯ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ. ಮಕ್ಕಳು ತಮಗೆ ಪುರುಸೊತ್ತಾದಾಗ ನೋಡಿಕೊಳ್ಳಲೆಂದು ಪಾಠಗಳನ್ನು ಮೊದಲೇ ವಿಡಿಯೊ ಮಾಡಿಡುವ ಆನ್‌ಲೈನ್ ಕೋರ್ಸ್ ಅವರ ಪಾಲಿಗೆ ಬಂದಿತ್ತು. ಪ್ರಾಂಶುಪಾಲರ ಷರತ್ತು ಒಂದೇ: ಮಕ್ಕಳು ಕೊನೆಯವರೆಗೆ ನೋಡದಿದ್ದರೆ ಮುಂದಿನ ವರ್ಷ ಕೋರ್ಸ್ ಇಲ್ಲ. ಎದುರಿಗೆ ಕೂತವರೇ ಕಿಟಕಿ ನೋಡುವ ಕಾಲ. ಕಣ್ಣಿಗೇ ಬೀಳದವರನ್ನು ಹಿಡಿದಿಡುವುದು ಹೇಗೆ?

ಮೊದಲ ವಿಡಿಯೊದಲ್ಲಿ ಭಾವ ಹಾಜರಿ ಕರೆದರು! ಒಂದೊಂದು ಹೆಸರಿಗೂ ನಿಂತು, ಉತ್ತರ ಕೇಳಿಸಿದವರಂತೆ ತಲೆಯಾಡಿಸಿ, ಗುರುತು ಹಾಕಿದರು. ಹಾಜರಿ ಮುಗಿಯುವಷ್ಟರಲ್ಲಿ ತರಗತಿಯೇ ಖಾಲಿ.

ಎರಡನೆಯದರಲ್ಲಿ ಅಂಕಿಗಳ ಪಟ್ಟಿ ತೋರಿಸಿ, ತಮ್ಮ ಮೈಸೂರು ಮಲಯಾಳದಲ್ಲಿ “ಈ ಪಟ್ಟಿ ಶ್ರದ್ಧಿಕ್ಕಣಂ” ಎಂದರು. ಗಮನವಿಟ್ಟು ನೋಡಿ ಎಂದದ್ದೇನೋ ಸರಿ. ಆದರೆ ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ!

“ಅಯ್ಯೋ ಅಪ್ಪಾ, ಪಟ್ಟಿ ಅಲ್ಲ, ಪಟ್ಟಿಕ!” ಎಂದು ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ವಿಡಿಯೊ ಹೋಗಿಯಾಗಿತ್ತು. ನಾಯಿ ಈಗ ಬಂದೀತು, ಆಗ ಬಂದೀತು ಎಂದು ಮಕ್ಕಳು ಕೊನೆಯ ನಿಮಿಷದವರೆಗೆ ಕಾದಿದ್ದರು. ವಿಡಿಯೊದ ಕೆಳಗೆ ಒಂದೇ ಪ್ರಶ್ನೆ: “ಸಾರ್, ಪಟ್ಟಿ ಎವಿಡೆ?” ನಾಯಿ ಎಲ್ಲಿ ಎಂದು!

ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಭಾವ ಕೆಳಮಹಡಿಯವರ ನಾಯಿಯನ್ನು ಕರೆತಂದರು. ಒಂದು ಪಾಠದಲ್ಲಿ ಬಾಲ, ಇನ್ನೊಂದರಲ್ಲಿ ಮೂತಿ. ಎಷ್ಟನೇ ನಿಮಿಷದಲ್ಲಿ ಕಂಡಿತೆಂದು ಮಕ್ಕಳು ಬರೆಯಬೇಕು. ಆ ಉತ್ತರಗಳ ಸರಾಸರಿ ತೆಗೆಯುವುದೇ ಮುಂದಿನ ಪಾಠ!

“ರೀ, ಕೋರ್ಸ್ ನಿಮ್ಮದೋ, ನಾಯೀದೋ?” ಎಂದಳು ಅಕ್ಕ.

“ನಾಯೀದೇ ಕಣೇ. ನಾನು ಬರೀ ಸಹಾಯಕ ಪ್ರಾಧ್ಯಾಪಕ!”

ಯಾರು ಯಾವ ನಿಮಿಷದಲ್ಲಿ ಎದ್ದುಹೋದರೆಂದು ಕಂಪ್ಯೂಟರ್ ಹೇಳುತ್ತದೆ. ಭಾವ ಅಂಥವರಿಗೆಲ್ಲ ಫೋನ್ ಮಾಡುತ್ತಿದ್ದರು. ನಾನು ತಿರುವನಂತಪುರದಿಂದ ಹೋಗಿದ್ದ ಭಾನುವಾರ ಒಬ್ಬ ಹುಡುಗಿಯ ಸರದಿ. ಎಲ್ಲ ಪಾಠಗಳನ್ನೂ ಅವಳು ಎಂಟನೇ ನಿಮಿಷಕ್ಕೇ ಬಿಟ್ಟಿದ್ದಳು.

“ಎಂಟು ನಿಮಿಷಕ್ಕೇ ಬೇಜಾರಾಯ್ತಾ?” ಭಾವನ ದನಿ ಏರಿತ್ತು.

“ಇಲ್ಲ ಸಾರ್. ಅಲ್ಲಿಂದ ಮುಂದೆ ನೀವು ಬರೀ ‘ಇಲ್ಲಿ ನೋಡಿ, ಅಲ್ಲಿ ನೋಡಿ’ ಅಂತೀರಿ. ನನಗೆ ಕಣ್ಣು ಕಾಣಿಸಲ್ಲ ಸಾರ್.”

ತರಗತಿಯಲ್ಲಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಭಾವ ದನಿ ತಗ್ಗಿಸಿದರು. “ಮೋಳೇ, ಸ್ವಲ್ಪ ದಿನ ಕಾಯ್ತೀಯಾ?” ಎಂದರು. ಮಗಳನ್ನು ಕರೆಯುವ ಮಾತು ಅದು. ಅಷ್ಟು ಮಲಯಾಳ ಅವರು ತಪ್ಪಿಲ್ಲದೆ ಆಡಿದರು.

ಫೋನ್ ಇಟ್ಟು, ಅಕ್ಕನನ್ನೂ ನನ್ನನ್ನೂ ಕಣ್ಣು ಮುಚ್ಚಿಸಿ ಕೂರಿಸಿ, ಪಾಠದಲ್ಲಿ ಎಳೆದು ತೋರಿಸಿದ್ದ ಒಂದು ಗೆರೆಯನ್ನು ಬಾಯಲ್ಲೇ ಬಣ್ಣಿಸಿದರು. “ನೆಲದಿಂದ ನಿಧಾನ ಏರುತ್ತೆ, ನಡುವೆ ಉಬ್ಬುತ್ತೆ, ಹಾಗೇ ಆ ಕಡೆ ಇಳಿಯುತ್ತೆ. ಏನು ಹೇಳಿ?”

“ಇಡ್ಲಿ,” ಎಂದಳು ಅಕ್ಕ.

“ಅದನ್ನೇ ಹೇಳ್ತೀನಿ!”

ಪಾಠಗಳನ್ನೆಲ್ಲ ಭಾವ ಮೊದಲಿನಿಂದ ಮತ್ತೆ ಮಾಡುತ್ತಿದ್ದಾರೆ, ಒಂದೊಂದು ಗೆರೆಯನ್ನೂ ಬಾಯಲ್ಲಿ ಹೇಳುತ್ತ. ಕೋರ್ಸ್ ಉಳಿಯುತ್ತದೋ ಇಲ್ಲವೋ ಪ್ರಾಂಶುಪಾಲರು ಇನ್ನೂ ತಿಳಿಸಿಲ್ಲ. ಮೊನ್ನೆ ಶುಕ್ರವಾರ ಆ ಹುಡುಗಿ ಹೊಸ ಪಾಠವೊಂದನ್ನು ಕೊನೆಯವರೆಗೆ ಕೇಳಿದ್ದಾಳೆ. ಎರಡು ಸಲ.